ತೊಳೆಯದೆ ಇಟ್ಟ ಕಪ್

"ಮುಟ್ಟಬೇಡಿ ಅಬ್ನರಣ್ಣ," ಎಂದಳು ಟಿರ್ಜಾ. "ಗೋರಿ ಮೇಲಿಂದ ಒಂದು ಚಿಪ್ಪು ತಗೊಂಡೋರೂ ಈ ದ್ವೀಪದಲ್ಲಿ ಉದ್ಧಾರ ಆಗಿಲ್ಲ."

ನಾನು ಮುಟ್ಟಿರಲಿಲ್ಲ. ಮಂಡಿಯೂರಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬರೀ ನೋಡುತ್ತಿದ್ದೆ.

ಅವಳ ಗಂಡ ಎಲ್ಕಾನನ ಸಾಮಾನೆಲ್ಲ ಅವನ ಗೋರಿಯ ಮೇಲಿತ್ತು. ಗಾಜು ಒಡೆದ ದೀಪ, ಎರಡು ತುಂಡಾದ ಪೈಪು, ಕನ್ನಡಕ, ಅವನು ಸತ್ತ ಗಳಿಗೆಗೆ ನಿಲ್ಲಿಸಿದ ಗಡಿಯಾರ, ಸುತ್ತ ಸಮುದ್ರದ ಬಿಳಿ ಚಿಪ್ಪುಗಳು. ಮೂರು ವಾರದ ಹಿಂದೆ ಮಣ್ಣು ಮಾಡಿದ ದಿನ ಒಂದೊಂದನ್ನೂ ಒಡೆದು ಜೋಡಿಸಿದವರಲ್ಲಿ ನಾನೂ ಇದ್ದೆ. ಒಡೆಯದೆ ಇಟ್ಟರೆ ಸತ್ತವನು ಮನೆಯವರನ್ನೂ ಒಬ್ಬೊಬ್ಬರಾಗಿ ಕರೆದುಕೊಳ್ಳುತ್ತಾನೆ ಎಂದು ನಮ್ಮ ಹಿರಿಯರ ನಂಬಿಕೆ. ಇಪ್ಪತ್ತೆಂಟು ವರ್ಷ ರೈಲಿನಲ್ಲಿ ಊರೂರು ಸುತ್ತಿ ಬಂದ ನಾನೂ ಅದನ್ನು ನಂಬುವವನೇ.

ಅಂದು ಅಲ್ಲಿ ಈ ಪಿಂಗಾಣಿ ಕಪ್ ಇರಲಿಲ್ಲ.

ಇದೊಂದು ಕಪ್ ಸಿಗದೆ ಹೋದದ್ದಕ್ಕೇ ನನ್ನನ್ನು ಸಾಕಿದ ದೊಡ್ಡಮ್ಮ ಮಿಂಟಾ ಆಚೆ ದಡದ ಜೈಲಿನಲ್ಲಿ ಕೂತಿದ್ದಳು. ಹೊಟ್ಟೆನೋವೆಂದು ಬಂದ ಎಲ್ಕಾನನಿಗೆ ಅವಳು ಬೇರಿನ ಕಷಾಯ ಕೊಟ್ಟಳು, ಸಂಜೆಯೊಳಗೆ ಅವನು ಸತ್ತ, ಆಚೆ ದಡದ ಡಾಕ್ಟರು ಹೊಟ್ಟೆಯಲ್ಲಿ ಇಲಿ ಪಾಷಾಣ ಕಂಡರು. ಕಷಾಯದ ಸೀಸೆಯಲ್ಲಿ ಪಾಷಾಣದ ಸುಳಿವಿರಲಿಲ್ಲ. ಹಾಗಾದರೆ ಮುದುಕಿ ಕಪ್ಪಿಗೆ ಬೆರೆಸಿ ಕುಡಿಸಿ, ಆಮೇಲೆ ಕಪ್ಪನ್ನೇ ಮಾಯ ಮಾಡಿದ್ದಾಳೆ ಎಂದ ಅಲ್ಲಿನ ಪೊಲೀಸ್ ಮುಖ್ಯಸ್ಥ ಶೆರಿಫ್.

ಮಿಂಟಾ ಕೊಟ್ಟ ಮದ್ದನ್ನು ಸೀಸೆಯಿಂದಲೇ ಕುಡಿಯಬೇಕು, ಬೇರೆ ಪಾತ್ರೆಗೆ ಬಗ್ಗಿಸಿದರೆ ಅದರ ಶಕ್ತಿ ಹೋಗುತ್ತದೆ. ಇದು ನಮ್ಮಲ್ಲಿ ಹಾಲುಹಲ್ಲಿನ ಮಕ್ಕಳಿಗೂ ಗೊತ್ತು. ಶೆರಿಫನಿಗೆ ಹೇಳಿದಾಗ ಅವನು ಕಿವಿಯಲ್ಲಿ ಕಡ್ಡಿ ಆಡಿಸುತ್ತಿದ್ದ. ಸೋಮವಾರ ಅವಳನ್ನು ಪಟ್ಟಣದ ಕೋರ್ಟಿಗೆ ಒಯ್ಯುತ್ತಾರೆ. ನಮ್ಮ ಬಣ್ಣದವರು ಆ ಕೋರ್ಟಿನ ಮೆಟ್ಟಿಲು ಹತ್ತಿದ್ದನ್ನು ನೋಡಿದ್ದೇನೆ, ಇಳಿದದ್ದನ್ನು ನೋಡಿಲ್ಲ. ದೊಡ್ಡಮ್ಮನಿಗೆ ಎಪ್ಪತ್ತೊಂಬತ್ತು. ಈ ದಿನ ಗುರುವಾರ.

"ಯಾವಾಗ ನೋಡಿದೆ ಇದನ್ನ?" ಎಂದೆ.

"ಈಗ್ಲೇ. ಭಾನುವಾರ ಬಂದಾಗ ಇರಲಿಲ್ಲ." ಟಿರ್ಜಾ ಸೆರಗಿನಂತೆ ಹೊದ್ದ ತೆಳು ವಸ್ತ್ರದಲ್ಲಿ ಮೂಗು ಒರೆಸಿಕೊಂಡಳು. ಅಳು ಅಲ್ಲ ಅದು, ನಿರಾಳ. "ಕೊನೇದಾಗಿ ಕುಡಿದ ಕಪ್ ಸಿಗದೆ ಅವರು ಹುಡುಕ್ತಾ ಅಲೀತಿದ್ರು. ಇನ್ನು ಮಲಗ್ತಾರೆ. ನಾನೂ ಮಲಗ್ತೀನಿ."

"ನಿಮ್ಮನೇದಾ ಇದು?"

"ನಮ್ಮನೇಲಿ ಇಷ್ಟು ದಪ್ಪ ಪಿಂಗಾಣಿ ಎಲ್ಲಿಂದ ಬರಬೇಕು?"

ಎಲ್ಲಿಂದ ಬಂತೆಂದು ನನಗೆ ಗೊತ್ತಿತ್ತು. ಹಸಿರು ಗೆರೆಯ ಅಂಥ ಕಪ್ಪುಗಳು ನಾನು ಕೆಲಸ ಮಾಡಿದ ರೈಲಿನ ಊಟದ ಬೋಗಿಯಲ್ಲಿದ್ದವು. ಅಲ್ಲಿಂದ ನಾಲ್ಕನ್ನು ಹಾಸಿಗೆ ಬಟ್ಟೆಯ ನಡುವೆ ಸುತ್ತಿ ತಂದ ಕಳ್ಳ ನಾನೇ. ಎರಡನ್ನು ದೊಡ್ಡಮ್ಮನಿಗೆ ಕೊಟ್ಟಿದ್ದೆ. ಉಳಿದೆರಡನ್ನು ಪ್ರಾರ್ಥನಾ ಮನೆಯ ಹಿರಿಯ, ಡೀಕನ್ ಗ್ಯಾಡ್ಸನ್ನನಿಗೆ.

ಬಗ್ಗಿ ಮೂಗು ಹತ್ತಿರ ತಂದೆ. ಕಪ್ಪಿನ ತಳವನ್ನು ಪದ್ಧತಿಯಂತೆ ತೂತು ಮಾಡಿ ಬೋರಲು ಹಾಕಿದ್ದರು. ತೂತಿನ ಅಂಚಿನಲ್ಲಿ ಕಂದು ಚರಟ ಒಣಗಿ ಅಂಟಿತ್ತು. ಬೇರಿನ ಕಷಾಯದ ಘಾಟಲ್ಲ, ಕಾಫಿ. ಚರಟದ ಮೇಲೆ ಬಿಳಿ ಹರಳು, ಅದಕ್ಕೆ ಮುತ್ತಿ ಅಲ್ಲೇ ಸತ್ತ ಇರುವೆಗಳು.

"ಟಿರ್ಜಾ, ಇದನ್ನ ನಾನು ತಗೊಂಡು ಹೋಗ್ಬೇಕು."

"ಅಯ್ಯೋ, ಬೇಡ."

"ಮಿಂಟಾ ದೊಡ್ಡಮ್ಮನ ಜೀವ ಇದ್ರೊಳಗಿದೆ ತಾಯಿ."

ಅವಳು ಗೋರಿಯ ಕಡೆ ತಿರುಗಿದಳು. "ಅವರನ್ನ ಕೇಳಿ ತಗೊಳ್ಳಿ. ಬದಲಿಗೆ ನಿಮ್ಮದೇನಾದ್ರೂ ಇಡಿ. ವಾಪಸ್ ತಂದಿಡ್ತೀನಿ ಅಂತ ಬಾಯಿಬಿಟ್ಟು ಹೇಳಿ."

ನಾನು ಬಾಯಿಬಿಟ್ಟೇ ಹೇಳಿದೆ. ಎಲ್ಕಾನ ಬದುಕಿದ್ದಾಗ ಅವನ ದೋಣಿ ಕೇಳುವಾಗಲೂ ಅಷ್ಟು ವಿನಯ ತೋರಿಸಿರಲಿಲ್ಲ. ನನ್ನ ಹಳೆಯ ರೈಲು ಕೆಲಸದ ಟೋಪಿಯ ಹಿತ್ತಾಳೆ ಬಿಲ್ಲೆಯನ್ನು ಕಿತ್ತು ಕಪ್ಪಿನ ಜಾಗದಲ್ಲಿಟ್ಟು, ಕಪ್ಪನ್ನು ಕರವಸ್ತ್ರದಲ್ಲಿ ಸುತ್ತಿಕೊಂಡೆ.

ದೊಡ್ಡಮ್ಮನ ಎರಡೂ ಕಪ್ ಇವೆಯೇ ಎಂದು ನೋಡಲು ಮೊದಲು ಮನೆಗೆ ಓಡಿದೆ. ಓಡಿದೆ ಎಂದರೆ ನನ್ನನ್ನು ಬಲ್ಲವರು ನಗುತ್ತಾರೆ. ದೊಡ್ಡಮ್ಮ ನನಗೆ ಇಟ್ಟ ಅಡ್ಡಹೆಸರೇ ಆಮೆ. ಅಡುಗೆಮನೆಯ ಹಲಗೆಯ ಮೇಲೆ ಕೈಯಾಡಿಸಿದೆ. ಒಂದು ಹಸಿರು ಗೆರೆಯ ಕಪ್. ಅದರ ಹಿಂದೆ, ಒಣಗಿದ ಬೇರಿನ ಕಟ್ಟಿನ ಮರೆಯಲ್ಲಿ, ಇನ್ನೊಂದು.

ಎರಡನ್ನೂ ಎದೆಗೆ ಒತ್ತಿಕೊಂಡು ಅಲ್ಲೇ ನೆಲದ ಮೇಲೆ ಕೂತೆ. ಹೋದ ಜೀವ ಬಂದಂತಾಯಿತು.

*

ಡೀಕನ್ ಗ್ಯಾಡ್ಸನ್ ಏಣಿಯ ಮೇಲಿದ್ದ. ಕೈಯಲ್ಲಿ ಕುಂಚ, ಗಡ್ಡದಲ್ಲಿ ನೀಲಿ.

ಬಾಗಿಲ ಚೌಕಟ್ಟು, ಕಿಟಕಿಯ ಚೌಕಟ್ಟು, ಹೊಸ್ತಿಲು, ಎಲ್ಲಕ್ಕೂ ಹಸಿ ನೀಲಿ ಬಣ್ಣ. ಸತ್ತವರು ಅದನ್ನು ನೀರೆಂದು ತಿಳಿದು ದಾಟುವುದಿಲ್ಲವೆಂದು ನಾವೆಲ್ಲ ಬಳಿಯುತ್ತೇವೆ. ನಾವೆಲ್ಲ ಎಂದರೆ ಈ ಡೀಕನ್ ಒಬ್ಬನನ್ನು ಬಿಟ್ಟು. ಬೇರು, ತಾಯಿತ, ನೀಲಿ ಬಣ್ಣ ಎಲ್ಲ ಸೈತಾನನ ಅಂಗಡಿಯ ಸಾಮಾನು ಎಂದು ಪ್ರತಿ ಭಾನುವಾರ ಗಂಟಲು ಹರಿಯುವಂತೆ ಬೋಧಿಸುವವನು ಅವನು.

"ಏನ್ ಡೀಕನ್ರೇ, ಮನೆಗೆ ಬಣ್ಣ?"

"ಮರಕ್ಕೆ ಹುಳ ಹತ್ತಿತ್ತು," ಎಂದ, ಕೆಳಗೆ ನೋಡದೆ.

"ಹುಳ ನೀಲಿಗೇ ಹೆದರುತ್ತಾ? ಬಿಳಿಗೆ ಹೆದರಲ್ವಾ?"

"ಇದ್ದ ಡಬ್ಬಿ ನೀಲಿ."

"ಬಾಗಿಲ ನೆತ್ತಿ ಮೇಲೆ ಜರಡಿ ನೇತಾಕಿದೀರಲ್ಲ, ಅದು?"

"ತೊಳೆದು ಒಣಗಾಕಿದೀನಿ."

"ಗೋಡೆಗೆಲ್ಲ ಪೇಪರ್ ಅಂಟಿಸಿದೀರಿ."

"ಚಳಿ ಕಣಯ್ಯ."

ಜೂನ್ ತಿಂಗಳು. ನನ್ನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ರಾತ್ರಿ ಬರುವ ದೆವ್ವ ಜರಡಿಯ ತೂತುಗಳನ್ನು ಎಣಿಸಿ ಮುಗಿಸದೆ, ಗೋಡೆಯ ಅಕ್ಷರಗಳನ್ನು ಓದಿ ಮುಗಿಸದೆ ಮಂಚದ ಬಳಿ ಬರಲಾರದು. ಡೀಕನ್ ಒಂದನ್ನೂ ಬಿಟ್ಟಿರಲಿಲ್ಲ.

"ಆ ಅಂಗಡೀಲಿ ನಿಮ್ಮ ವ್ಯಾಪಾರ ಜೋರಾಗೇ ಆದಂಗಿದೆ," ಎಂದೆ. "ಇಳೀರಿ ಕೆಳಗೆ. ಒಂದು ಕಪ್ ಕಾಫಿ ಕೊಡಿ. ನಾನು ತಂದುಕೊಟ್ಟ ಕಪ್ಪಲ್ಲೇ ಕೊಡಿ."

ಅವನು ಇಳಿದ. ಒಳಗೆ ಹೋಗಿ ಬಹಳ ಹೊತ್ತಿನ ಮೇಲೆ ಒಂದೇ ಒಂದು ಹಸಿರು ಗೆರೆಯ ಕಪ್ ತಂದು ಮೇಜಿನ ಮೇಲಿಟ್ಟ. ಕಾಫಿ ಮೇಜಿಗೆಲ್ಲ ತುಳುಕಿತು.

"ಇದರ ಜೋಡಿ?"

"ಒಡೆದೋಯ್ತು."

"ತಾನಾಗೇ ಒಡೀತಾ, ನೀವು ಒಡೆದ್ರಾ?"

ನಾನು ಕರವಸ್ತ್ರ ಬಿಚ್ಚಿ ಗೋರಿಯ ಕಪ್ಪನ್ನು ಅದರ ಜೋಡಿಯ ಪಕ್ಕಕ್ಕಿಟ್ಟೆ.

ಡೀಕನ್ ಕುರ್ಚಿ ಬೀಳಿಸಿಕೊಂಡು ಗೋಡೆಗೆ ಹಾರಿದ. ಆರಡಿ ಎತ್ತರದ, ಹುಲಿಯಂತೆ ಗರ್ಜಿಸುವ ಮನುಷ್ಯನನ್ನು ಹಾಗೆ ನೋಡಿ ನನಗೆ ನಗು ಬರಬೇಕಿತ್ತು, ಬರಲಿಲ್ಲ.

"ಅದನ್ನ ಯಾಕೋ ತಂದೆ?" ಎಂದು ಪಿಸುಗುಟ್ಟಿದ. "ಅವನು ಹಿಂದೇನೇ ಬರ್ತಾನೆ. ಒಡೆದು, ಬೋರಲು ಹಾಕಿ, ಕೈಮುಗಿದು ಬಂದಿದ್ನಲ್ಲೋ."

"ಕೂತ್ಕೊಂಡು ಹೇಳಿ."

"ನಾನು ಕೊಂದಿಲ್ಲ."

"ಕೊಂದ್ರಿ ಅಂತ ನಾನೆಲ್ಲಂದೆ? ಕಾಫಿ ಕೊಟ್ರಿ ಅಂತೀನಿ."

ಅವನು ಕೂರಲಿಲ್ಲ. ಗೋಡೆಗೆ ಬೆನ್ನು ಕೊಟ್ಟೇ ಹೇಳಿದ. ಆ ಬುಧವಾರ ಎಲ್ಕಾನ ಕಷಾಯ ಕುಡಿದು, ಬಾಯೆಲ್ಲ ಕಹಿ ಎಂದು ಉಗುಳುತ್ತ ಈ ಜಗುಲಿಗೆ ಬಂದಿದ್ದ. ಸಿಹಿಯಾಗಿ ಒಂದು ಕಪ್ ಕಾಫಿ ಕೇಳಿದ. ಯುದ್ಧ ಮುಗಿದು ವರ್ಷವಾಗುತ್ತ ಬಂದರೂ ಸಕ್ಕರೆಗೆ ಇನ್ನೂ ರೇಷನ್ ಚೀಟಿ. ಅದೃಷ್ಟಕ್ಕೆ ಡೀಕನ್ನನ ಬಳಿ ಅಂದೇ ಬಿಚ್ಚಿದ ಸಕ್ಕರೆ ಇತ್ತು. ಮೂರು ಚಮಚ ಹಾಕಿಕೊಟ್ಟ.

"ನೀವು ಕುಡೀಲಿಲ್ವಾ?"

"ಬುಧವಾರ ನನಗೆ ಉಪವಾಸ. ಊರಿಗೆಲ್ಲ ಗೊತ್ತಿರೋದೇ." ಅವನು ಕಪ್ಪಿನಿಂದ ಮುಖ ತಿರುಗಿಸಿದ. "ಇಲ್ದಿದ್ರೆ ನಾನೂ ಅಲ್ಲೇ ಮಲಗ್ತಿದ್ದೆ, ಅವನ ಪಕ್ಕ."

"ಮತ್ತೆ ಕಪ್ ಯಾಕೆ ತೊಳೀಲಿಲ್ಲ? ತೊಳೆದು ಹಲಗೆ ಮೇಲಿಟ್ಟಿದ್ರೆ ನನ್ನಪ್ಪ ಬಂದ್ರೂ ಕಂಡುಹಿಡೀತಿರಲಿಲ್ಲ."

ಅವನು ನನ್ನನ್ನು ಹುಚ್ಚನನ್ನು ನೋಡುವಂತೆ ನೋಡಿದ. "ಸತ್ತವನು ಕೊನೇಲಿ ಕುಡಿದ ಕಪ್ ಯಾರಾದ್ರೂ ತೊಳೀತಾರೇನೋ?"

ಆಚೆ ದಡದ ಯಾವ ಕೊಲೆಗಾರನೂ ಮಾಡದ ತಪ್ಪು ಅದು. ಶೆರಿಫನಿಗೂ ಹೊಳೆಯದ್ದು ಅದಕ್ಕೇ. ನಮ್ಮಲ್ಲಿ ಬೈಬಲ್ ಬಾಯಿಪಾಠ ಇರುವವನಿಗೂ ಆ ಕಪ್ಪನ್ನು ನೀರಿಗೆ ಅದ್ದುವ ಧೈರ್ಯ ಬರಲಿಲ್ಲ. ಮಂಚದ ಕೆಳಗೆ ಬಚ್ಚಿಟ್ಟ. ಎರಡನೆಯ ವಾರದಿಂದ ಅದರೊಳಗೆ ಯಾರೋ ಚಮಚ ತಿರುಗಿಸುವ ಸದ್ದು ಕೇಳಿಸತೊಡಗಿತಂತೆ. ಮೊನ್ನೆ ಮಂಗಳವಾರ ತಡೆಯಲಾರದೆ ಗೋರಿಗೆ ಒಯ್ದಿಟ್ಟ.

ಇಲ್ಲಿಯವರೆಗೆ ನನ್ನ ದನಿ ಏರಿರಲಿಲ್ಲ. ಈಗ ಏರಿತು.

"ಮೂರು ವಾರ ಡೀಕನ್ರೇ. ಮೂರು ವಾರದಿಂದ ಅವಳು ಕಲ್ಲು ನೆಲದ ಮೇಲೆ ಮಲಗ್ತಿದಾಳೆ. ನೀವು ಹುಟ್ಟಿದಾಗ ಹೊಕ್ಕುಳ ಬಳ್ಳಿ ಕೊಯ್ದವಳು ಅವಳು. ನಿಮಗೆ ನಿದ್ದೆ ಕೆಟ್ಟಿದ್ದು ಚಮಚದ ಸದ್ದಿಗೆ. ಅವಳ ನೆನಪಿಗೆ ಒಂದಿನಾದ್ರೂ ಕೆಟ್ಟಿತ್ತಾ?"

"ಹೇಗೋ ಹೇಳಲಿ? ಸಕ್ಕರೆ ಎಲ್ಲಿಂದ ಬಂತು ಅಂತ ಕೇಳ್ತಾರೆ."

"ಎಲ್ಲಿಂದ ಬಂತು?"

ದೋಣಿಕಟ್ಟೆಯ ಅಂಚೆ ಡಬ್ಬಿಗೆ ಯಾರು ಬೇಕಾದರೂ ಹಾಕಬಹುದು, ತೆಗೆಯುವ ಬೀಗದ ಕೈ ಮಾತ್ರ ಡೀಕನ್ನನ ಬಳಿ ಇರುವುದು. ಓದಲು ಬರುವವನೆಂದು ಊರವರೇ ಕೊಟ್ಟದ್ದು. "ಡಬ್ಬೀಲಿ ಒಂದು ಪಾರ್ಸೆಲ್ ಇತ್ತು," ಎಂದ. "ನೆಂದು ಹೆಸರು ಅಳಿಸೋಗಿತ್ತು. ಯಾರದ್ದೂ ಅಲ್ಲ ಅಂತ ಮನೆಗೆ ತಂದೆ. ಅಂಚೆ ಕದ್ರೆ ಜೈಲು ಕಣೋ ಅಬ್ನರ್, ಆಚೆ ದಡದಲ್ಲಿ ಅದಕ್ಕೆ ದೊಡ್ಡ ಜೈಲೇ ಇದೆ."

ಅವನು ನೆಲದ ಹಲಗೆ ಎತ್ತಿ ತಗಡಿನ ಡಬ್ಬಿಯೊಂದನ್ನು ತೆಗೆದ. ಮುಕ್ಕಾಲು ತುಂಬಿದ ಸಕ್ಕರೆ, ಬೆಳ್ಳಗೆ, ನೋಡಿದರೆ ಬಾಯಲ್ಲಿ ನೀರೂರಬೇಕು.

ಆ ತಿಂಗಳು ನಮ್ಮಲ್ಲಿ ಒಂದು ಹನಿ ಮಳೆ ಬಿದ್ದಿರಲಿಲ್ಲ. ಪಾರ್ಸೆಲ್ ನೆಂದದ್ದು ಹೇಗೆ ಎಂದು ನಾನು ಅಲ್ಲೇ, ಆಗಲೇ ಕೇಳಬೇಕಿತ್ತು. ಕೇಳಲಿಲ್ಲ. ಕಪ್ ಸಿಕ್ಕಿತ್ತು, ಡಬ್ಬಿ ಸಿಕ್ಕಿತ್ತು, ಸಾಕ್ಷಿ ಹೇಳಲು ಡೀಕನ್ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. ನನಗೆ ದೊಡ್ಡಮ್ಮ ಹೊರಗೆ ಬಂದರೆ ಸಾಕಿತ್ತು.

*

ಡಾಕ್ಟರು ಎರಡು ದಿನ ತೆಗೆದುಕೊಂಡರು. ಕಪ್ಪಿನ ಚರಟದಲ್ಲೂ ಡಬ್ಬಿಯ ಸಕ್ಕರೆಯಲ್ಲೂ ಪಾಷಾಣ. ಶೆರಿಫ್ ಡೀಕನ್ನನ ಹೇಳಿಕೆ ಬರೆದುಕೊಂಡು, ಊರು ಬಿಟ್ಟು ಹೋಗಕೂಡದೆಂದು ಗದರಿಸಿ ಕಳಿಸಿದ. ಹೆಸರಿಲ್ಲದ ಪಾರ್ಸೆಲ್ ಬಗ್ಗೆ ತಲೆ ಕೆಡಿಸಿಕೊಳ್ಳುವಷ್ಟು ಅವನಿಗೆ ನಮ್ಮ ದ್ವೀಪ ಬೇಕಾಗಿರಲಿಲ್ಲ.

ಶನಿವಾರ ಮಧ್ಯಾಹ್ನ ಜೈಲಿನ ಹಿಂಬಾಗಿಲು ತೆರೆಯಿತು.

"ಬಂದ್ಯಾ ಆಮೆ?" ಎಂದಳು ದೊಡ್ಡಮ್ಮ. "ಇನ್ನೊಂದು ವಾರ ಬಿಟ್ಟು ಬಂದಿದ್ರೆ ಆಗ್ತಿತ್ತು. ಜೈಲಿನವನ ಬೆನ್ನುನೋವಿಗೆ ಎಣ್ಣೆ ಶುರು ಮಾಡಿದ್ದೆ, ಅರ್ಧಕ್ಕೇ ನಿಂತೋಯ್ತು."

ಅವಳು ಇನ್ನಷ್ಟು ಕುಗ್ಗಿದ್ದಳು. ತಲೆವಸ್ತ್ರ ಮಾತ್ರ ಬೆಳ್ಳಗೆ, ನೆರಿಗೆಯಿಲ್ಲದೆ ಕಟ್ಟಿಕೊಂಡಿದ್ದಳು. ನಾನು ಬಗ್ಗಿ ಅವಳ ಹೆಗಲಿಗೆ ಮುಖ ಇಟ್ಟು ಅತ್ತೆ. ಐವತ್ತೆರಡು ವರ್ಷದವನು, ನಡುಬೀದಿಯಲ್ಲಿ. ನಾಚಿಕೆಯೇನೂ ಆಗಲಿಲ್ಲ.

"ಸಾಕು ಬಿಡೋ," ಎಂದಳು ಬೆನ್ನು ತಟ್ಟುತ್ತ. "ಹೊಟ್ಟೆ ಹಸಿದಿದೆ. ಅಲ್ಲಿ ಅನ್ನಕ್ಕೆ ಉಪ್ಪೇ ಹಾಕಲ್ಲ ಪುಣ್ಯಾತ್ಮರು."

ದೋಣಿ ನಮ್ಮ ಕಟ್ಟೆಗೆ ತಾಗುವ ಮೊದಲೇ ಹಾಡು ಕೇಳಿಸಿತು. ಮೂವತ್ತು ಮನೆಯವರೂ ಬಂದಿದ್ದರು. ಟಿರ್ಜಾ ಎಲ್ಲರಿಗಿಂತ ಮುಂದೆ ನಿಂತು ಚಪ್ಪಾಳೆ ತಟ್ಟುತ್ತಿದ್ದಳು. ಓಕ್ ಮರದ ನೆರಳಲ್ಲಿ ಹಲಗೆ ಜೋಡಿಸಿ ಮಾಡಿದ ಉದ್ದನೆಯ ಮೇಜು, ಅದರ ತುಂಬ ಬಟ್ಟೆ ಮುಚ್ಚಿದ ಪಾತ್ರೆಗಳು. ಸಿಗಡಿ ಗೊಜ್ಜು, ಕೆಂಪನ್ನ, ಬೆಂಡೆಕಾಯಿ ಸಾರು, ಬೇಯಿಸಿದ ಏಡಿ. ಅವರವರ ಮನೆಯಲ್ಲಿ ಇದ್ದದ್ದನ್ನು ಅವರವರು ತಂದಿದ್ದರು. ದೊಡ್ಡಮ್ಮನನ್ನು ಎತ್ತಿಕೊಂಡೇ ಹೋಗಿ ಮೇಜಿನ ತುದಿಯ ಕುರ್ಚಿಯಲ್ಲಿ ಕೂರಿಸಿದರು. ಮೂರು ವಾರದಲ್ಲಿ ಮೊದಲ ಸಲ ನನ್ನ ಮೈ ಹಗುರಾಯಿತು.

ಡೀಕನ್ ಟೋಪಿ ಕೈಯಲ್ಲಿ ಹಿಡಿದು ಅವಳೆದುರು ಬಂದ.

"ಮಿಂಟಮ್ಮ, ಇನ್ನೊಂದು ಸುಳ್ಳು ಉಳಿದಿದೆ. ಅದನ್ನ ಇಟ್ಕೊಂಡು ನಾಳೆ ಪ್ರಾರ್ಥನೆ ಮಾಡಿಸೋಕೆ ನನ್ನಿಂದಾಗಲ್ಲ."

"ಹೇಳಪ್ಪ. ಬೇಗ ಹೇಳು, ಏಡಿ ಆರೋಗ್ತಿದೆ."

"ಪಾರ್ಸೆಲ್ ಮೇಲಿನ ಹೆಸರು ಅಳಿಸಿರಲಿಲ್ಲ. ನಿಮ್ಮ ಹೆಸರಿತ್ತು. ಬೇರಿನವಳ ಸಕ್ಕರೆ, ಸೈತಾನನ ಪಾಲು, ತಗೊಂಡ್ರೆ ಪಾಪ ಇಲ್ಲ ಅಂತ ನನಗೆ ನಾನೇ ಹೇಳ್ಕೊಂಡೆ."

ದೊಡ್ಡಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಒಂದು ಹಿಡಿ ಸಕ್ಕರೆ ಕದಿಯೋಕೆ ಇಷ್ಟು ದೊಡ್ಡ ಸೈತಾನ ಬೇಕಾಯ್ತಾ ನಿಂಗೆ?"

ಎಲ್ಲರೂ ಗೊಳ್ಳೆಂದು ನಕ್ಕರು. ಡೀಕನ್ನನೂ ಕಣ್ಣೊರೆಸಿಕೊಂಡು ನಕ್ಕ. ನಾನೂ ನಗುತ್ತಿದ್ದೆ. ಅವನು ಒಳಜೇಬಿನಿಂದ ಮಡಿಸಿದ ಕಂದು ಕಾಗದ ತೆಗೆದು ನನ್ನ ಕೈಗಿತ್ತ. "ಹೊರಗಿನ ಹೊದಿಕೆ. ಬಿಸಾಡೋಕೆ ಮನಸ್ಸು ಬರಲಿಲ್ಲ. ನೀನೇ ಇಟ್ಕೋ."

ಸೀಸದ ಕಡ್ಡಿಯ ದಪ್ಪಕ್ಷರದಲ್ಲಿ ದೊಡ್ಡಮ್ಮನ ಹೆಸರು. ದೂರದೂರಿಂದ ಗುಣವಾದವರು ಅವಳಿಗೆ ಏನಾದರೂ ಕಳಿಸುವುದು ಇದ್ದದ್ದೇ. ಯಾವ ಊರಿನ ಮುದ್ರೆ ಎಂದು ಕಾಗದ ತಿರುಗಿಸಿದೆ. ಮತ್ತೆ ತಿರುಗಿಸಿದೆ. ಮುದ್ರೆ ಇರಲಿಲ್ಲ. ಅಂಚೆ ಚೀಟಿಯೂ ಇರಲಿಲ್ಲ.

"ಡೀಕನ್ರೇ, ಇದು ಅಂಚೆ ದೋಣೀಲಿ ಬಂದಿದ್ದಾ?"

"ಅಂಚೆ ದೋಣಿ ಎಲ್ಲಿ ಬಂತು ಆ ವಾರ? ಎಂಜಿನ್ ಕೆಟ್ಟಿತ್ತಲ್ಲ. ಬುಧವಾರ ಬೆಳಿಗ್ಗೆ ಡಬ್ಬಿ ತೆಗೆದೆ, ಒಳಗಿತ್ತು."

ನಗು ನನ್ನ ಮುಖದ ಮೇಲೆ ಹಾಗೇ ನಿಂತಿತ್ತು. ಪಾಷಾಣ ಎಲ್ಕಾನನಿಗೆ ಇಟ್ಟದ್ದಲ್ಲ, ಡೀಕನ್ನನಿಗೂ ಅಲ್ಲ. ಅದು ನೀರು ದಾಟಿ ಬಂದದ್ದೂ ಅಲ್ಲ. ಈ ಮೂವತ್ತು ಮನೆಗಳಲ್ಲಿ ಒಂದರಿಂದ ಹೊರಟು ದೊಡ್ಡಮ್ಮನ ಬಾಯಿಗೆ ಸೇರಬೇಕಾದದ್ದು. ಆ ಕೈಗೆ ಅವಳು ಎಟುಕದಂತೆ ಮೂರು ವಾರ ಕಾದದ್ದು ಜೈಲಿನ ಬೀಗ. ಅದನ್ನು ತೆಗೆಸಿ, ಅವಳನ್ನು ಇಲ್ಲಿ ತಂದು ಕೂರಿಸಿದವನು ನಾನು.

ತಲೆಯೆತ್ತಿದೆ. ದೊಡ್ಡಮ್ಮ ತನ್ನ ಮುಂದಿನ ಪಾತ್ರೆಯ ಬಟ್ಟೆ ಸರಿಸಿ, ಚಮಚ ತುಂಬ ಕೆಂಪನ್ನ ತೆಗೆದು, ಊದಿ ಊದಿ ಆರಿಸುತ್ತಿದ್ದಳು.

ಮೇಜಿಗೆ ಡಿಕ್ಕಿ ಹೊಡೆದುಕೊಂಡು ಹೋಗಿ ಅವಳ ಮಣಿಕಟ್ಟು ಹಿಡಿದೆ. ಅನ್ನ ಅವಳ ಮಡಿಲಿಗೆ ಚೆಲ್ಲಿತು.

"ಏನಾಯ್ತೋ ನಿಂಗೆ? ಹಸಿದಿದೀನಿ ಅಂದ್ನಲ್ಲ."

"ಒಂದು ನಿಮಿಷ ದೊಡ್ಡಮ್ಮ." ನಾನು ಪಾತ್ರೆಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, ಆದಷ್ಟು ಸಲೀಸಾಗಿ ಕೇಳಿದೆ. "ಇದು ಯಾರ ಮನೇದು?"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಟಿರ್ಜಾ ಹತ್ತಿರ ಬಂದು ಪಾತ್ರೆಯ ಕಂಠ ನೋಡಿ ಇಲ್ಲವೆಂದು ತಲೆಯಾಡಿಸಿದಳು. ಅವಳ ಪಕ್ಕದವಳೂ ಆಡಿಸಿದಳು, ಅದರಾಚೆಯವಳೂ. ನಾನು ಮೇಜಿನ ಈ ತುದಿಯಿಂದ ಆ ತುದಿಯವರೆಗೆ ಕಾದೆ. ಮೂವತ್ತು ಮನೆಯವರಲ್ಲಿ ಒಬ್ಬರೂ ಅದು ತಮ್ಮದೆನ್ನಲಿಲ್ಲ.